ಗಡಿಯಾಚೆಯ ಕೆಲಸಗಾರರನ್ನು ಒದಗಿಸುವ ಮಧ್ಯವರ್ತಿ ಜಾಲತಾಣ: ಹನ್ನೊಂದು ತಿಂಗಳ ಬಳಕೆಯ ನಂತರ

ಯಂತ್ರಗಳ ಜೊತೆಗೆ ಬರುವ ಕೈಪಿಡಿಗಳನ್ನು ಸಿದ್ಧಪಡಿಸುವ ಸಣ್ಣದೊಂದು ಸಂಸ್ಥೆಯಲ್ಲಿ ನಾನು ಕೆಲಸ ಮಾಡುತ್ತೇನೆ. ಪಂಪು, ಕವಾಟ, ಕಂಪ್ರೆಸರ್‌ಗಳ ತಯಾರಕರು ತಮ್ಮ ನಕ್ಷೆಗಳನ್ನೂ ಟಿಪ್ಪಣಿಗಳನ್ನೂ ನಮಗೆ ಕೊಡುತ್ತಾರೆ. ಯಂತ್ರವನ್ನು ಮೊದಲ ಸಲ ಬಿಚ್ಚುವವನಿಗೂ ಅರ್ಥವಾಗುವಂಥ ಚಿತ್ರ ಮತ್ತು ಬರಹವನ್ನಾಗಿ ನಾವು ಅವನ್ನು ಮಾರ್ಪಡಿಸುತ್ತೇವೆ. ನಾವಿರುವುದು ಆರೇ ಮಂದಿ. ಕೆಲಸ ಕೈಮೀರಿದಾಗ ಚಿತ್ರ ಬಿಡಿಸುವುದು, ಪುಟವಿನ್ಯಾಸ ಮತ್ತು ಓದುಗರ ಪ್ರಶ್ನೆಗಳಿಗೆ ಉತ್ತರಿಸುವುದು, ಈ ಮೂರನ್ನು ಹೊರಗುತ್ತಿಗೆಗೆ ಕೊಡಲು ನಿರ್ಧರಿಸಿ, ದೂರದೇಶಗಳ ಬಿಡಿ ಕೆಲಸಗಾರರನ್ನು ಜೋಡಿಸಿಕೊಡುವ ಜಾಲತಾಣವೊಂದಕ್ಕೆ ಸದಸ್ಯರಾದೆವು. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಸೇವೆಗಳ ಒಳರಚನೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ನಮ್ಮ ಅನುಭವ ಬೇರೆ ತಾಣ ಬಳಸುವವರಿಗೂ ಉಪಯೋಗಕ್ಕೆ ಬಂದೀತು.

ಮೊದಲೇ ನನ್ನ ತೀರ್ಮಾನವನ್ನು ಹೇಳಿಬಿಡುತ್ತೇನೆ. ಕೆಲಸಗಾರರನ್ನು ಹುಡುಕುವುದು, ಹಣ ತಲುಪಿಸುವುದು, ಮುಗಿದ ಕೆಲಸವನ್ನು ತರಿಸಿಕೊಳ್ಳುವುದು, ಈ ಮೂರರಲ್ಲಿ ಸೇವೆ ಅತ್ಯುತ್ತಮವಾಗಿದೆ. ಕೆಲಸವೇನೆಂದು ವಿವರಿಸುವ ಹೊರೆಯನ್ನು ಅದು ಕೊಂಚವೂ ಇಳಿಸಿಲ್ಲ. ನಮ್ಮ ಉಳಿತಾಯದ ದೊಡ್ಡ ಪಾಲು ಅಲ್ಲಿಯೇ ಖರ್ಚಾಯಿತು.

ಒಂದು ಕೆಲಸವನ್ನು ಸಂಸ್ಥೆಯೊಳಗೇ ಮಾಡಿಸಬೇಕೇ, ಹೊರಗಿನಿಂದ ಕೊಳ್ಳಬೇಕೇ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1937ರಲ್ಲೇ ಎತ್ತಿಕೊಂಡಿದ್ದರು. ಮಾರುಕಟ್ಟೆಯನ್ನು ಬಳಸುವುದಕ್ಕೂ ಖರ್ಚಿದೆ, ಯೋಗ್ಯರನ್ನು ಹುಡುಕಬೇಕು, ದರ ಮಾತಾಡಬೇಕು, ಕರಾರು ಬರೆಯಬೇಕು, ಆ ಖರ್ಚು ಒಳಗೆ ಮಾಡಿಸುವ ಖರ್ಚಿಗಿಂತ ಹೆಚ್ಚಾಗಿರುವವರೆಗೆ ಸಂಸ್ಥೆಯು ಕೆಲಸವನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ ಎಂಬುದು ಅವರ ವಾದದ ತಿರುಳು. 1989ರಲ್ಲಿ ಕೊಡಾಕ್ ಕಂಪನಿ ತನ್ನ ಕಂಪ್ಯೂಟರ್ ಕೇಂದ್ರಗಳ ನಿರ್ವಹಣೆಯನ್ನು ಐಬಿಎಂಗೆ ಒಪ್ಪಿಸಿದಾಗ ಅದು ಉದ್ಯಮ ವಲಯದಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಂಥ ಕರಾರನ್ನು ಬರೆಯಲು ವಕೀಲರ ಪಡೆಯೇ ಬೇಕಾಗಿದ್ದ ಕಾಲದಲ್ಲಿ ಹೊರಗುತ್ತಿಗೆ ದೊಡ್ಡವರ ಸೊತ್ತಾಗಿತ್ತು. ಆರು ಮಂದಿಯ ನಮ್ಮ ಸಂಸ್ಥೆ ಇಂದು ಹದಿನೈದು ಚಿತ್ರಗಳ ಕೆಲಸವನ್ನು ಇನ್ನೊಂದು ಖಂಡದವರಿಗೆ ಒಂದು ಮಧ್ಯಾಹ್ನದಲ್ಲಿ ಒಪ್ಪಿಸಬಲ್ಲುದಾದರೆ, ಕೋಸ್ ಪಟ್ಟಿಮಾಡಿದ ಖರ್ಚುಗಳಲ್ಲಿ ಕೆಲವನ್ನು ತಂತ್ರಜ್ಞಾನ ಬಹುಮಟ್ಟಿಗೆ ಕರಗಿಸಿದೆ ಎಂದೇ ಅರ್ಥ.

ಹುಡುಕಾಟದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ನಮಗೆ ಬೇಕಾದ ಚಿತ್ರದ ಮಾದರಿಯನ್ನು ಬೆಳಿಗ್ಗೆ ತಾಣಕ್ಕೆ ಏರಿಸಿದೆವು. ಸಂಜೆಯೊಳಗೆ 41 ಮಂದಿ ಅರ್ಜಿ ಹಾಕಿದ್ದರು. ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ಯಂತ್ರ ಬರೆದುಕೊಟ್ಟಂತಿದ್ದವು: ನಮ್ಮ ಜಾಹೀರಾತಿನ ಪದಗಳನ್ನೇ ಹಿಂದುಮುಂದು ಮಾಡಿ ನಮಗೆ ಹಿಂದಿರುಗಿಸಿದ್ದವು. ಇವುಗಳನ್ನು ಬೇರ್ಪಡಿಸುವ ಯಾವ ಸೌಕರ್ಯವೂ ತಾಣದಲ್ಲಿ ಇಲ್ಲ. ಆದರೆ ಉಳಿದವರಲ್ಲಿ ನಾಲ್ವರ ಹಳೆಯ ಕೆಲಸಗಳು ಕಣ್ಣು ಕೀಳದಂತೆ ನೋಡಿಸಿಕೊಂಡವು. ಅವರಲ್ಲೊಬ್ಬ ನಕ್ಷೆಗಾರರನ್ನು ಆಯ್ದುಕೊಂಡೆವು. ಪುಟವಿನ್ಯಾಸಕ್ಕೂ ಪತ್ರೋತ್ತರಕ್ಕೂ ಒಬ್ಬೊಬ್ಬರು ಮುಂದಿನ ವಾರದಲ್ಲಿ ಸಿಕ್ಕರು. ಮೂವರು ಮೂರು ದೇಶಗಳವರು.

ಹಣದ ವ್ಯವಸ್ಥೆಯನ್ನು ಮನಸಾರೆ ಮೆಚ್ಚುತ್ತೇನೆ. ಕೆಲಸ ಆರಂಭವಾಗುವ ಮೊದಲು ನಾವು ಹಣವನ್ನು ತಾಣದ ಖಾತೆಗೆ ಕಟ್ಟುತ್ತೇವೆ, ಕೆಲಸ ಒಪ್ಪಿಗೆಯಾದ ಮೇಲೆ ಅದು ಕೆಲಸಗಾರರಿಗೆ ಸಲ್ಲುತ್ತದೆ. ಹಣ ಕೊಟ್ಟು ಕೆಲಸ ಬಾರದೆ ಹೋದೀತೆಂಬ ನಮ್ಮ ಭಯಕ್ಕೂ ಕೆಲಸ ಕೊಟ್ಟು ಹಣ ಬಾರದೆ ಹೋದೀತೆಂಬ ಅವರ ಭಯಕ್ಕೂ ಇದೊಂದೇ ಮದ್ದು. ಒಬ್ಬರ ಮುಖವನ್ನೊಬ್ಬರು ನೋಡದ, ಒಂದೇ ನ್ಯಾಯಾಲಯದ ವ್ಯಾಪ್ತಿಗೂ ಬರದ ಇಬ್ಬರ ನಡುವೆ ವ್ಯಾಪಾರ ಸಾಧ್ಯವಾಗಬೇಕಾದರೆ ಇಂಥ ಮೂರನೆಯ ಕೈ ಬೇಕೇಬೇಕು. ಅದಕ್ಕಾಗಿ ತಾಣವು ಬಿಲ್ಲಿನ ಹತ್ತರಲ್ಲೊಂದು ಪಾಲನ್ನು ಇಟ್ಟುಕೊಳ್ಳುತ್ತದೆ. ಆ ಪಾಲು ಕಡಿಮೆಯೇನಲ್ಲ, ಆದರೂ ಕೊಟ್ಟಿದ್ದಕ್ಕೆ ನನಗೆ ಬೇಸರವಿಲ್ಲ.

ಇನ್ನು ವಿವರಿಸುವ ಹೊರೆಯ ಮಾತು. ಮೊದಲ ತಿಂಗಳಿನಲ್ಲಿ ಪಂಪೊಂದರ ಎರಡು ನೋಟಗಳಿರುವ ನಕ್ಷೆಯನ್ನು ಕಳುಹಿಸಿ, ಅದನ್ನು ನೋಡಿ ಓರೆಯಿಂದ ಕಾಣುವ ಪೂರ್ಣ ಚಿತ್ರವನ್ನು ಬರೆದುಕೊಡುವಂತೆ ನಕ್ಷೆಗಾರರನ್ನು ಕೇಳಿದ್ದೆವು. ಚಿತ್ರ ಬಂತು. ಗೆರೆಯ ದಪ್ಪ, ನೆರಳು, ಬೋಲ್ಟುಗಳ ಸಾಲು, ಎಲ್ಲವೂ ನಾವು ಬಯಸಿದ್ದಕ್ಕಿಂತ ಚೆನ್ನಾಗಿತ್ತು. ಆದರೆ ಪಂಪಿನ ಎಣ್ಣೆಯನ್ನು ಹೊರಬಿಡುವ ಡ್ರೈನ್ ಪ್ಲಗ್ ಎಡಮಗ್ಗುಲಿನಲ್ಲಿ ಇರಬೇಕಾದದ್ದು ಬಲಮಗ್ಗುಲಿನಲ್ಲಿತ್ತು. ಒಂದೇ ಚಿತ್ರದಲ್ಲಾಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಆ ಕಂತಿನ ಹದಿನಾಲ್ಕು ಚಿತ್ರಗಳಲ್ಲೂ ಎಡಬಲ ಅದಲುಬದಲಾಗಿದ್ದವು.

ತಪ್ಪು ಅವರದಲ್ಲ ಎಂದು ತಿಳಿಯಲು ನಮಗೆ ಎರಡು ದಿನ ಬೇಕಾಯಿತು. ಯಂತ್ರದ ನಕ್ಷೆಯನ್ನು ಬರೆಯಲು ಜಗತ್ತಿನಲ್ಲಿ ಎರಡು ಪದ್ಧತಿಗಳಿವೆ. ಯುರೋಪಿನಲ್ಲೂ ಏಷ್ಯಾದ ಹಲವು ದೇಶಗಳಲ್ಲೂ ಬಳಕೆಯಲ್ಲಿರುವ ಫಸ್ಟ್ ಆ್ಯಂಗಲ್ ಪದ್ಧತಿಯಲ್ಲಿ, ವಸ್ತುವನ್ನು ಎಡಗಡೆಯಿಂದ ನೋಡಿದ ನೋಟವನ್ನು ಎದುರುನೋಟದ ಬಲಕ್ಕೆ ಬರೆಯುತ್ತಾರೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಥರ್ಡ್ ಆ್ಯಂಗಲ್ ಪದ್ಧತಿಯಲ್ಲಿ ಬಲಕ್ಕೆ ಬರೆದಿದ್ದು ಬಲಗಡೆಯಿಂದ ನೋಡಿದ ನೋಟವೇ ಆಗಿರುತ್ತದೆ. ಕಾಗದದ ಮೇಲೆ ಗೆರೆಗಳು ಒಂದೇ. ಓದುವ ಬಗೆ ಎರಡು. ಯಾವ ಪದ್ಧತಿಯೆಂದು ತಿಳಿಸಲು ನಕ್ಷೆಯ ಮೂಲೆಯಲ್ಲಿ ತುದಿ ಕತ್ತರಿಸಿದ ಶಂಕುವಿನ ಪುಟ್ಟ ಚಿಹ್ನೆಯನ್ನು ಹಾಕುವುದು ಅಂತರರಾಷ್ಟ್ರೀಯ ರೂಢಿ. ನಮ್ಮ ಹಾಳೆಗಳಲ್ಲಿ ಆ ಚಿಹ್ನೆ ಇರಲಿಲ್ಲ, ಏಕೆಂದರೆ ಅವನ್ನು ಓದುತ್ತಿದ್ದವರೆಲ್ಲ ನಮ್ಮ ಕೋಣೆಯಲ್ಲೇ ಕುಳಿತು ಫಸ್ಟ್ ಆ್ಯಂಗಲ್‌ನಲ್ಲೇ ಕಲಿತವರಾಗಿದ್ದರು. ನಮ್ಮ ನಕ್ಷೆಗಾರರು ಕಲಿತದ್ದು ಥರ್ಡ್ ಆ್ಯಂಗಲ್. ಅವರು ನಮ್ಮ ಹಾಳೆಯನ್ನು ತಮ್ಮ ಪದ್ಧತಿಯಂತೆ ಸರಿಯಾಗಿಯೇ ಓದಿದ್ದರು.

ಹದಿನಾಲ್ಕು ಚಿತ್ರಗಳನ್ನೂ ಮತ್ತೆ ಬರೆಸಿದೆವು, ಮತ್ತು ಅದರ ಸಂಭಾವನೆಯನ್ನು ಪೂರ್ತಿಯಾಗಿ ಕೊಟ್ಟೆವು. ಇಂಥದ್ದನ್ನು ತಾಣದ ನಿಯಮಗಳ ಪ್ರಕಾರ ಉಚಿತ ತಿದ್ದುಪಡಿ ಎಂದು ಕೇಳಬಹುದಾಗಿತ್ತು, ಕೇಳುವುದು ನ್ಯಾಯವೆನಿಸಲಿಲ್ಲ. ಆ ಬಳಿಕ ನಾನು ಮೂರು ವಾರ ಕುಳಿತು, ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಎಂದೂ ಬರೆದಿಡದ ಸಂಗತಿಗಳನ್ನೆಲ್ಲ ಒಂದು ಕಡತದಲ್ಲಿ ಬರೆದೆ: ಯಾವ ಗೆರೆಗೆ ಯಾವ ದಪ್ಪ, ಬಿಡಿಭಾಗಗಳ ಸಂಖ್ಯೆ ಯಾವ ದಿಕ್ಕಿನಿಂದ ಶುರುವಾಗಬೇಕು, ಎಚ್ಚರಿಕೆಯ ಮಾತು ಚಿತ್ರದ ಮೇಲೆ ಬರಬೇಕೇ ಕೆಳಗೆ ಬರಬೇಕೇ. ಕಡತ 32 ಪುಟಗಳಾಯಿತು. ಆ ಮೂರು ವಾರಗಳ ನನ್ನ ಸಂಬಳ ತಾಣದ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಹೊರಗುತ್ತಿಗೆಯಿಂದ ಎಷ್ಟು ಉಳಿಯುತ್ತದೆ ಎಂದು ತಾಣವು ತನ್ನ ಮುಖಪುಟದಲ್ಲಿ ತೋರಿಸುವ ಲೆಕ್ಕ ಗಂಟೆಯ ದರಗಳ ವ್ಯತ್ಯಾಸವನ್ನು ಮಾತ್ರ ಎಣಿಸುತ್ತದೆ. ಇದನ್ನು ದೊಡ್ಡ ಲೋಪವೆಂದೇ ಭಾವಿಸುತ್ತೇನೆ, ಏಕೆಂದರೆ ಆ ಲೆಕ್ಕವನ್ನು ನಂಬಿ ಒಂದೆರಡು ತಿಂಗಳ ಕೆಲಸಕ್ಕಾಗಿ ಬರುವ ಸಣ್ಣ ಸಂಸ್ಥೆಗೆ ಈ ಖರ್ಚು ಮರಳಿ ಹುಟ್ಟುವುದೇ ಇಲ್ಲ. ನಮಗೆ ಅದು ಮರಳಲು ಏಳು ತಿಂಗಳು ಹಿಡಿಯಿತು.

ಸಾಗಣೆಯ ಖರ್ಚಿನ ವಿಷಯ ಬೇರೆಯೇ. 1956ರ ಏಪ್ರಿಲ್‌ನಲ್ಲಿ ಐಡಿಯಲ್ ಎಕ್ಸ್ ಎಂಬ ಹಡಗು ಸರಕು ತುಂಬಿದ 58 ಲೋಹದ ಪೆಟ್ಟಿಗೆಗಳನ್ನು, ಅಂದರೆ ಕಂಟೇನರ್‌ಗಳನ್ನು, ಹೊತ್ತು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಬಿಡಿ ಸರಕನ್ನು ಹಡಗಿಗೇರಿಸಲು ಟನ್ನಿಗೆ 5.86 ಡಾಲರ್ ತಗಲುತ್ತಿದ್ದ ಕಾಲದಲ್ಲಿ ಪೆಟ್ಟಿಗೆಯ ಪದ್ಧತಿಯಲ್ಲಿ ಸುಮಾರು 16 ಸೆಂಟ್ ಸಾಕಾಯಿತೆಂಬುದು ಪ್ರಸಿದ್ಧ ಲೆಕ್ಕ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ದೂರವಾಣಿ ತಂತಿ ಕೆಲಸ ಆರಂಭಿಸಿತು; ಅದರಲ್ಲಿದ್ದದ್ದು 36 ಮಾರ್ಗಗಳು. 1988ರಲ್ಲಿ ಅದೇ ಸಾಗರವನ್ನು ದಾಟಿದ ಮೊದಲ ಆಪ್ಟಿಕಲ್ ಫೈಬರ್ ತಂತಿ ಏಕಕಾಲಕ್ಕೆ ಸುಮಾರು 40,000 ಕರೆಗಳನ್ನು ಹೊರಬಲ್ಲುದಾಗಿತ್ತು. ಪೆಟ್ಟಿಗೆ ಕಾರ್ಖಾನೆಯನ್ನು ದೂರ ಕಳುಹಿಸಿತು, ತಂತಿ ಕಚೇರಿಯನ್ನು. ನಾವು ಚಿತ್ರ ಬಿಡಿಸುವ ಪಂಪು ಗಡಿ ದಾಟುವಾಗ ಸುಂಕದ ಕಟ್ಟೆಯಲ್ಲಿ ನಿಲ್ಲಬೇಕಾಗುತ್ತದೆ, ಅದರ ಚಿತ್ರ ನಿಲ್ಲುವುದಿಲ್ಲ. ವಿದ್ಯುನ್ಮಾನ ರವಾನೆಗಳ ಮೇಲೆ ಆಮದು ಸುಂಕ ಹಾಕದಿರಲು ವಿಶ್ವ ವ್ಯಾಪಾರ ಸಂಘಟನೆಯ ಸದಸ್ಯ ದೇಶಗಳು 1998ರಲ್ಲಿ ಮಾಡಿಕೊಂಡ ತಾತ್ಕಾಲಿಕ ಒಪ್ಪಂದ ಅನಂತರ ಹಲವು ಬಾರಿ ವಿಸ್ತರಣೆಗೊಂಡಿದೆ. ಹಾಗಾಗಿ ಮುಗಿದ ಚಿತ್ರ ನಮ್ಮನ್ನು ತಲುಪಲು ತಗಲುವುದು ಕೆಲವು ಸೆಕೆಂಡು, ಪ್ರತ್ಯೇಕ ಖರ್ಚೇನೂ ಇಲ್ಲ.

ಕಾಲದ ಅಂತರವೊಂದು ಮಾತ್ರ ತಂತಿಗೆ ಜಗ್ಗುವುದಿಲ್ಲ. ನಮ್ಮ ಮತ್ತು ನಕ್ಷೆಗಾರರ ಗಡಿಯಾರಗಳ ನಡುವೆ ಒಂಬತ್ತು ಗಂಟೆಗಳ ವ್ಯತ್ಯಾಸವಿದೆ. ಸಂಜೆ ಕೊಟ್ಟ ಕೆಲಸ ಬೆಳಿಗ್ಗೆ ಮುಗಿದಿರುತ್ತದೆ ಎಂದು ತಾಣ ಹೇಳಿಕೊಳ್ಳುವುದು ನಿಜವೇ, ಆದರೆ ಕೆಲಸದಲ್ಲಿ ಪ್ರಶ್ನೆಯೇ ಏಳದಿದ್ದರೆ ಮಾತ್ರ. ಒಂದು ಪ್ರಶ್ನೆ ಎದ್ದರೆ ಒಂದು ದಿನ ಹೋಯಿತು. ಪಕ್ಕದ ಮೇಜಿನವರಾಗಿದ್ದರೆ ಅರ್ಧ ನಿಮಿಷದಲ್ಲಿ ಕೇಳಿ ಮುಗಿಸುತ್ತಿದ್ದ ಸಂಶಯಕ್ಕೆ ನಾವು ಎರಡು ರಾತ್ರಿ ಕಾದದ್ದಿದೆ. ಇದಕ್ಕೆ ಪರಿಹಾರವಾಗಿ ದಿನಕ್ಕೆ ಮುಕ್ಕಾಲು ಗಂಟೆ ಇಬ್ಬರೂ ಒಟ್ಟಿಗೆ ಎಚ್ಚರವಿರುವ ಹೊತ್ತನ್ನು ಗೊತ್ತುಮಾಡಿಕೊಂಡೆವು; ತಾಣದಲ್ಲಿ ಇದಕ್ಕೆಂದು ಯಾವ ಏರ್ಪಾಡೂ ಇಲ್ಲ.

ಸೇವೆಯ ಅತ್ಯಂತ ದುರ್ಬಲ ಭಾಗವೆಂದರೆ ಅದು ಕೆಲಸಗಾರರನ್ನು ನಡೆಸಿಕೊಳ್ಳುವ ರೀತಿ. ಗಂಟೆಯ ಲೆಕ್ಕದ ಕೆಲಸಕ್ಕೆ ಅವರ ಕಂಪ್ಯೂಟರಿನಲ್ಲಿ ಒಂದು ತಂತ್ರಾಂಶ ಓಡುತ್ತಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಅದು ಪರದೆಯ ಚಿತ್ರ ತೆಗೆದು ನಮಗೆ ತೋರಿಸುತ್ತದೆ, ಆ ಹತ್ತು ನಿಮಿಷದಲ್ಲಿ ಕೀಲಿಮಣೆ ಎಷ್ಟು ಸಲ ಒತ್ತಲ್ಪಟ್ಟಿತೆಂಬುದನ್ನೂ ಎಣಿಸುತ್ತದೆ. ನಮ್ಮ ನಕ್ಷೆಗಾರರು ಗೆರೆ ಎಳೆಯುವ ಮುನ್ನ ಮೂಲ ನಕ್ಷೆಯನ್ನು ಬಹಳ ಹೊತ್ತು ನೋಡುವವರು. ಅವರ ಉತ್ತಮ ಚಿತ್ರಗಳೆಲ್ಲ ಹಾಗೆ ನೋಡಿ ಬರೆದವೇ. ಆ ಹೊತ್ತುಗಳೆಲ್ಲ ಎಣಿಕೆಯಲ್ಲಿ ಸೊನ್ನೆಯಾಗಿ, ಕೆಂಪು ಬಣ್ಣದಲ್ಲಿ, ನನ್ನ ಮುಂದೆ ದೂರಿನಂತೆ ಬಂದು ನಿಲ್ಲುತ್ತಿದ್ದವು. ಒಬ್ಬರ ಪರದೆಯನ್ನು ಹೀಗೆ ಇಣುಕಿ ನೋಡುವುದು ನನಗೆ ಸಹಿಸದೆ ಹೋಯಿತು.

ಇನ್ನೊಂದು ಪ್ರಸಂಗ ಇದಕ್ಕಿಂತ ಗಂಭೀರವಾದದ್ದು. ಐದನೆಯ ತಿಂಗಳಿನಲ್ಲಿ ಪುಟವಿನ್ಯಾಸಕರ ಖಾತೆಯನ್ನು ತಾಣದ ಸ್ವಯಂಚಾಲಿತ ತಪಾಸಣೆ ತಡೆಹಿಡಿಯಿತು. ನಾವು ಒಪ್ಪಿಗೆ ಕೊಟ್ಟಿದ್ದ ಕೆಲಸದ ಹಣ ಒಂಬತ್ತು ದಿನ ಅವರ ಕೈಸೇರಲಿಲ್ಲ. ಕಾರಣವೇನೆಂದು ಅವರು ಕೇಳಿದರೂ ನಾನು ಕೇಳಿದರೂ ಬಂದದ್ದು ಒಂದೇ ಸಿದ್ಧ ಉತ್ತರ. ಆರನೆಯ ಪತ್ರಕ್ಕೆ ಮನುಷ್ಯರೊಬ್ಬರು ಉತ್ತರಿಸಿದರು. ಸೌಜನ್ಯದಿಂದಲೇ ಮಾತಾಡಿದ ಅವರೂ ತಾಣದ ನೌಕರರಾಗಿರಲಿಲ್ಲ, ಗ್ರಾಹಕ ಸೇವೆಯನ್ನು ಗುತ್ತಿಗೆಗೆ ಹಿಡಿದ ಬೇರೊಂದು ಕಂಪನಿಯವರಾಗಿದ್ದರು, ತಡೆಯನ್ನು ತೆಗೆಯುವ ಅಧಿಕಾರ ಅವರಿಗೆ ಇರಲಿಲ್ಲ. ಹತ್ತನೆಯ ದಿನ ಯಾವ ವಿವರಣೆಯೂ ಇಲ್ಲದೆ ಹಣ ಬಿಡುಗಡೆಯಾಯಿತು. ಆ ಅವಧಿಯಲ್ಲಿ ತಡವಾದ ಕೆಲಸಕ್ಕಾಗಿ ಪುಟವಿನ್ಯಾಸಕರ ಅಂಕ ಇಳಿದಿತ್ತು. ನಾನು ಬರೆದುಕೊಟ್ಟರೂ ಅದನ್ನು ಸರಿಪಡಿಸಲಿಲ್ಲ. ಆ ಅಂಕವೇ ಅವರಿಗೆ ಮುಂದಿನ ಕೆಲಸ ತರುವ ಶಿಫಾರಸು ಪತ್ರ, ಅದನ್ನು ಬೇರೆ ತಾಣಕ್ಕೆ ಒಯ್ಯಲೂ ಬರುವುದಿಲ್ಲ. ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ನಿರ್ದೇಶನವೊಂದು, ಇಂಥ ತಾಣಗಳು ಕೆಲಸಗಾರರ ಖಾತೆಯನ್ನು ತಡೆಹಿಡಿಯುವ ತೀರ್ಮಾನವನ್ನು ಮನುಷ್ಯರೇ ಕೈಗೊಳ್ಳಬೇಕೆಂದು ವಿಧಿಸುತ್ತದೆ. ಅದು ಒಕ್ಕೂಟದೊಳಗೆ ನಡೆಯುವ ಕೆಲಸಕ್ಕೆ ಅನ್ವಯಿಸುವಂಥದ್ದು. ನಮ್ಮ ಪುಟವಿನ್ಯಾಸಕರು ಇರುವುದು ಅದರಾಚೆ. ಕೆಲಸ ಗಡಿ ದಾಟಿದಷ್ಟು ಸಲೀಸಾಗಿ ಕೆಲಸಗಾರರ ರಕ್ಷಣೆ ಗಡಿ ದಾಟುತ್ತಿಲ್ಲ ಎಂಬುದು ನನಗೆ ಓದಿ ತಿಳಿದದ್ದಲ್ಲ, ಆ ಒಂಬತ್ತು ದಿನಗಳಲ್ಲಿ ಕಂಡದ್ದು.

ಓದುಗರ ಪತ್ರಗಳಿಗೆ ಉತ್ತರಿಸುವ ಕೆಲಸವನ್ನು ನಾಲ್ಕನೆಯ ತಿಂಗಳಿನಲ್ಲೇ ಹಿಂದಕ್ಕೆ ತಂದುಕೊಂಡೆವು. ಆ ಕೆಲಸ ಹಿಡಿದವರು ಶ್ರದ್ಧಾವಂತರೇ. ಆದರೆ ಕವಾಟ ಸೋರುತ್ತಿದೆ ಎಂದು ಬರೆದ ಓದುಗರಿಗೆ ಉತ್ತರಿಸಬೇಕಾದರೆ ಆ ಕವಾಟವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದಿರಬೇಕು. ಅದನ್ನು ಯಾವ ಕಡತದಲ್ಲೂ ಬರೆದು ಕಳುಹಿಸಲಾಗದು.

ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಒಂದೇ ಬಗೆಯ ಕೆಲಸ ವರ್ಷವಿಡೀ ಇರುವವರು, ಮತ್ತು ಆ ಕೆಲಸದ ನಿಯಮಗಳನ್ನು ಬರೆದಿಡುವ ತಾಳ್ಮೆಯುಳ್ಳವರು ಈ ಸೇವೆಯನ್ನು ಧಾರಾಳವಾಗಿ ಬಳಸಬಹುದು. ಬಿಡುಗಡೆಯಾಗದ ಯಂತ್ರಗಳ ನಕ್ಷೆಗಳನ್ನು ಕಳುಹಿಸುವವರು ತಾಣದ ಸಿದ್ಧ ಕರಾರನ್ನೇ ನೆಚ್ಚದೆ, ಗೋಪ್ಯತೆಗೂ ಚಿತ್ರದ ಹಕ್ಕು ಯಾರದೆಂಬುದಕ್ಕೂ ಪ್ರತ್ಯೇಕ ಕರಾರು ಬರೆಸಿಕೊಳ್ಳಬೇಕು. ಒಂದೆರಡು ವಾರದ ತುರ್ತಿಗಾಗಿ ಬರುವವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ.

ನಕ್ಷೆಗಾರರೊಂದಿಗಿನ ಕರಾರನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇವೆ. ಗಂಟೆಯ ಲೆಕ್ಕವನ್ನು ಬಿಟ್ಟು ಚಿತ್ರಕ್ಕಿಷ್ಟು ಎಂದು ದರ ನಿಗದಿಮಾಡಿಕೊಂಡದ್ದರಿಂದ ಪರದೆಯ ಚಿತ್ರ ತೆಗೆಯುವ ತಂತ್ರಾಂಶವನ್ನು ಅವರು ತೆಗೆದುಹಾಕಿದ್ದಾರೆ. ನಾವು ಕಳುಹಿಸುವ ಪ್ರತಿ ಹಾಳೆಯ ಬಲಮೂಲೆಯಲ್ಲಿ ಈಗ ಶಂಕುವಿನ ಚಿಹ್ನೆ ಇರುತ್ತದೆ. ಕಳೆದ ವಾರ ಒಂದು ಹಾಳೆಯಲ್ಲಿ ಅದು ಬಿಟ್ಟುಹೋಗಿತ್ತು, ಅವರು ಗೆರೆ ಎಳೆಯುವ ಮುನ್ನವೇ ಬರೆದು ಕೇಳಿದರು.