ಮರುಭೂಮಿಯ ಎರಡು ಆಲ್ಬಮ್‌ಗಳು: ‘ತಸ್ಸಿಲಿ’ಯೋ, ಇಲ್ಲಿಗದಾದ್‌ನ ಹೆಣ್ಣುಮಕ್ಕಳೋ?

ವಿದ್ಯುತ್ ಗಿಟಾರಿನ ಅಬ್ಬರವಿಲ್ಲದ ತುವಾರೆಗ್ (ಸಹಾರಾ ಮರುಭೂಮಿಯ ಅಲೆಮಾರಿ ಜನ) ಸಂಗೀತವನ್ನು ಕೇಳಬೇಕೆಂದು ನಾನು ಕೊಂಡ ಎರಡು ಆಲ್ಬಮ್‌ಗಳ ಪೈಕಿ ಮನಸ್ಸಿನಲ್ಲಿ ಉಳಿದಿರುವುದು ನೈಜರ್ ದೇಶದ ‘ಲೆ ಫಿಯ್ ದ ಇಲ್ಲಿಗದಾದ್’ (ಇಲ್ಲಿಗದಾದ್ ಎಂಬ ಹಳ್ಳಿಯ ಹೆಣ್ಣುಮಕ್ಕಳು) ತಂಡದ 2016ರ ಮೊದಲ ಆಲ್ಬಮ್. ಇನ್ನೊಂದು, ಮಾಲಿ ದೇಶದ ತುವಾರೆಗ್ ತಂಡ ತಿನಾರಿವೆನ್‌ನ ‘ತಸ್ಸಿಲಿ’ (2011).

‘ತಸ್ಸಿಲಿ’ಯ ಗುಣವನ್ನು ಅಲ್ಲಗಳೆಯಲಾಗದು. ಉತ್ತರ ಮಾಲಿಯಲ್ಲಿ ಪರಿಸ್ಥಿತಿ ಹದಗೆಟ್ಟಿದ್ದರಿಂದ ತಂಡವು ಆಗ್ನೇಯ ಅಲ್ಜೀರಿಯಾದ ತಸ್ಸಿಲಿ ನಜ್ಜೆರ್ ಬಂಡೆಸೀಮೆಯಲ್ಲಿ ಡೇರೆ ಹಾಕಿ ಹಾಡಿತು. ತಂಡದ ಮುಖ್ಯ ಗಾಯಕ ಇಬ್ರಾಹಿಮ್ ಅಗ್ ಅಲ್ಹಬೀಬ್ ಅವರ ಒರಟು ದನಿ ಇಲ್ಲಿ ಕೇಳಿಸುವಷ್ಟು ಹತ್ತಿರದಲ್ಲಿ ಅವರ ವಿದ್ಯುತ್ ಗಿಟಾರಿನ ಆಲ್ಬಮ್‌ಗಳಲ್ಲಿ ಕೇಳಿಸದು. ಆದರೆ ಅಮೆರಿಕದ ಅತಿಥಿ ಕಲಾವಿದರ ತುತ್ತೂರಿಗಳು ಬಂದೊಡನೆ ನನ್ನ ಏಕಾಗ್ರತೆ ಕದಡುತ್ತದೆ. ಹಾಗಿದ್ದರೂ ಈ ಆಲ್ಬಮ್‌ಗೆ ಗ್ರ್ಯಾಮಿ ಪ್ರಶಸ್ತಿ ಬಂದಿದೆ.

ಇಲ್ಲಿಗದಾದ್‌ನ ಆಲ್ಬಮ್‌ನಲ್ಲಿ ಹೊರಗಿನವರು ಯಾರೂ ಇಲ್ಲ. ಎಲ್‌ಪಿ ತಟ್ಟೆಯ ಒಂದು ಬದಿಯಲ್ಲಿ ಫಾತು ಸೈದಿ ಗಾಲಿ ಅವರ ಗಿಟಾರು, ಹಾಡು. ಅಣ್ಣನ ಗಿಟಾರಿನಲ್ಲಿ ತಾವೇ ಕಲಿತ ಅವರು, ಗಂಡಸರದೇ ಎನಿಸಿದ್ದ ಈ ವಾದ್ಯವನ್ನು ನುಡಿಸಿದ ಮೊದಲ ತುವಾರೆಗ್ ಹೆಂಗಸರಲ್ಲಿ ಒಬ್ಬರು. ಇನ್ನೊಂದು ಬದಿ ಪೂರ್ತಿ ‘ತೆಂದೆ’, ಅಂದರೆ ಒರಳಿನ ಮದ್ದಳೆಯೂ ಅದರೊಂದಿಗಿನ ಹಾಡೂ. ಒರಳಿನ ಬಾಯಿಗೆ ಮೇಕೆಯ ಚರ್ಮ ಬಿಗಿದು, ಎರಡೂ ಪಕ್ಕದಲ್ಲಿ ಒನಕೆಗಳನ್ನು ಕಟ್ಟಿ, ಅವುಗಳ ಮೇಲೆ ಹೆಂಗಸರು ಕುಳಿತು ತಮ್ಮ ಭಾರದಿಂದಲೇ ಚರ್ಮವನ್ನು ಬಿಗಿಗೊಳಿಸುತ್ತಾರೆ. ಒಬ್ಬಳು ಬಡಿಯುತ್ತಾಳೆ, ಒಬ್ಬಳು ಸೊಲ್ಲು ಎತ್ತುತ್ತಾಳೆ, ಸುತ್ತಲಿನವರು ಚಪ್ಪಾಳೆಯೊಂದಿಗೆ ದನಿಗೂಡಿಸುತ್ತಾರೆ. ಕುಟ್ಟುವ ಕೆಲಸದ ನಡುವೆಯೇ ಒನಕೆವಾಡು ಹಾಡಿಕೊಂಡು ಬಂದ ನಮ್ಮ ಹೆಂಗಸರನ್ನು ಬಲ್ಲವರಿಗೆ ಈ ಬದಿ ಪರಕೀಯವೆನಿಸದು.

ಇದರಲ್ಲಿ ನಿಜವಾಗಿ ಕಾಡುವ ತೊಡಕು ಒಂದೇ, ಅದು ಧ್ವನಿಯ ಮಟ್ಟ. ಬಯಲಿನಲ್ಲಿ ಮುದ್ರಿಸಿದ ಗಿಟಾರಿನ ಬದಿ ಎಷ್ಟು ಮೆಲುವೆಂದರೆ, ಬಸ್ಸಿನಲ್ಲಿ ಸಾಧಾರಣ ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ತಂತಿಯ ಮಿಡಿತವೆಲ್ಲ ಎಂಜಿನ್ನಿನ ಸದ್ದಿನಲ್ಲಿ ಮುಳುಗುತ್ತದೆ. ಅದಕ್ಕಾಗಿ ಧ್ವನಿ ಏರಿಸಿದರೆ, ಮುಂದೆ ತೆಂದೆಯ ಚಪ್ಪಾಳೆ ಬರುವ ಹೊತ್ತಿಗೆ ಕಿವಿ ನೋಯುತ್ತದೆ.

ಫೋನಿನಲ್ಲಿ ಧ್ವನಿಯನ್ನು ಸಮಗೊಳಿಸುವ ಆಯ್ಕೆಯನ್ನು ಹಾಕಿ ನೋಡಿದಾಗ ಮೆಲುದನಿ ಕೇಳಿಸಿತಾದರೂ ಹಿನ್ನೆಲೆಯ ಬಯಲು ಅಳಿಸಿಹೋಯಿತು. ನಾನು ಹಣ ಕೊಟ್ಟಿದ್ದೇ ಆ ಬಯಲಿಗಾಗಿ. ಕೊನೆಗೆ ಆ ಆಯ್ಕೆಯನ್ನು ತೆಗೆದು, ಮನೆಯಲ್ಲಿ, ರಾತ್ರಿ ಊಟವಾದ ಮೇಲೆ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನಿನಲ್ಲಿ ಕೇಳುವುದನ್ನು ರೂಢಿಸಿಕೊಂಡೆ. ಪ್ರಯಾಣದಲ್ಲಿಯೇ ಸಂಗೀತ ಕೇಳುವವರಿಗೆ ‘ತಸ್ಸಿಲಿ’ಯೇ ಹೆಚ್ಚು ಒದಗುತ್ತದೆ.

ಎಲ್‌ಪಿಯನ್ನು ಹೊರದೇಶದಿಂದ ತರಿಸಿಕೊಳ್ಳುವ ಅಂಚೆವೆಚ್ಚ ನನ್ನ ಕೈಗೆಟುಕುವುದಲ್ಲ. ಎರಡನ್ನೂ ಡಿಜಿಟಲ್ ಪ್ರತಿಯಾಗಿಯೇ ಕೊಂಡಿದ್ದೇನೆ. ಒಂದಕ್ಕಷ್ಟೇ ಹಣವಿದ್ದಿದ್ದರೆ ಇಲ್ಲಿಗದಾದ್ ಅನ್ನೇ ಕೊಳ್ಳುತ್ತಿದ್ದೆ.