ಒನ್ ಬೈ ವಾಕಾಮ್ ಸಣ್ಣ ಟ್ಯಾಬ್ಲೆಟ್: ಚಿತ್ರ ಬಿಡಿಸಲು ಬಾರದ ಡಿಸೈನರ್‌ಗೆ ಎಷ್ಟು ಉಪಯೋಗ?

ಗ್ರಾಫಿಕ್ ಡಿಸೈನ್ ಕಲಿಯಲು ಹೊರಟವರು ಮೊದಲು ಕೇಳುವುದೇ ಇದನ್ನು: ಚಿತ್ರ ಬಿಡಿಸಲು ಬರಲೇಬೇಕಾ? ಬ್ರೋಶರ್, ಲೋಗೊ, ಪ್ಯಾಕೆಟ್ ವಿನ್ಯಾಸ, ಮದುವೆ ಕರೆಯೋಲೆ ಮಾಡುವುದಕ್ಕೆ ಭಾವಚಿತ್ರ ಬರೆಯುವ ಕೈ ಬೇಕಿಲ್ಲ. ಆದರೆ ಅಂದುಕೊಂಡ ಗೆರೆಯನ್ನು ಎಳೆಯುವ ಹಿಡಿತ ಬೇಕು, ಬೆಳಕು ಎಲ್ಲಿಂದ ಬಿದ್ದು ನೆರಳು ಎಲ್ಲಿ ಗಟ್ಟಿಯಾಗುತ್ತದೆ ಎಂದು ಗುರುತಿಸುವ ಕಣ್ಣು ಬೇಕು. ಇವಿಲ್ಲದೆ ಸಾಫ್ಟ್‌ವೇರ್ ಎಷ್ಟು ಗೊತ್ತಿದ್ದರೂ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ವಾಕಾಮ್‌ನ ಈ ಅಗ್ಗದ ಪೆನ್ ಟ್ಯಾಬ್ಲೆಟ್, ಅಂದರೆ ಕಂಪ್ಯೂಟರ್‌ಗೆ ಜೋಡಿಸಿ ಪೆನ್ನಿನಿಂದ ಗೆರೆ ಎಳೆಯುವ ಹಲಗೆ (ಮಾದರಿ ಸಿಟಿಎಲ್-472), ಅಷ್ಟರ ಮಟ್ಟಿಗೆ ಒದಗುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಇದಕ್ಕೆ ಪರದೆಯಿಲ್ಲ. ಗೆರೆ ಎಳೆಯುವ ಜಾಗ 152 × 95 ಮಿಲಿಮೀಟರ್. ಪೆನ್ನಿಗೆ ಬ್ಯಾಟರಿ ಬೇಡ, ಎಷ್ಟು ಒತ್ತಿದ್ದೇವೆ ಎಂದು ಗುರುತಿಸುವ ಒತ್ತಡದ ಹಂತಗಳು 2048. ಪೆನ್ನಿನ ಪಕ್ಕದಲ್ಲಿ ಎರಡು ಗುಂಡಿಗಳಿವೆ, ಟ್ಯಾಬ್ಲೆಟ್ ಮೇಲೆ ಒಂದೂ ಇಲ್ಲ. ಪೆನ್ ಓರೆಯಾಗಿ ಹಿಡಿದದ್ದು ಇದಕ್ಕೆ ತಿಳಿಯುವುದಿಲ್ಲ. ಡಿಸೈನ್ ಕೆಲಸಕ್ಕೆ ಅದು ಕೊರತೆಯೇನಲ್ಲ.

ಪೆಟ್ಟಿಗೆಯಿಂದ ತೆಗೆದು ಹಾಗೇ ಬಳಸಿದವರಿಗೆ ಮೊದಲ ತೊಂದರೆ ವೃತ್ತದಲ್ಲಿ ಕಾಣುತ್ತದೆ. ಟ್ಯಾಬ್ಲೆಟ್‌ನ ಅನುಪಾತ 16:10, ಸಾಮಾನ್ಯ ಮಾನಿಟರ್‌ನದು 16:9. ಕೈ ಸರಿಯಾದ ವೃತ್ತವನ್ನೇ ಎಳೆದರೂ ಪರದೆಯಲ್ಲಿ ಅದು ಶೇ 11ರಷ್ಟು ಅಡ್ಡಕ್ಕೆ ಹಿಗ್ಗುತ್ತದೆ. ಬಹಳ ಮಂದಿ ತಮ್ಮ ಕೈಯೇ ಸರಿಯಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾರೆ, ಅದು ನಿಜಕ್ಕೂ ಬೇಸರದ ಸಂಗತಿ. ವಾಕಾಮ್ ಡ್ರೈವರ್‌ನ (ಟ್ಯಾಬ್ಲೆಟ್ ನಡೆಸುವ ಸಾಫ್ಟ್‌ವೇರ್) ಮ್ಯಾಪಿಂಗ್ ಪುಟದಲ್ಲಿ ‘ಫೋರ್ಸ್ ಪ್ರೊಪೋರ್ಷನ್ಸ್’ಗೆ ಗುರುತು ಹಾಕಿ. ಎತ್ತರದಲ್ಲಿ ಸುಮಾರು 10 ಮಿಲಿಮೀಟರ್ ಕೆಲಸಕ್ಕೆ ಬಾರದಂತಾಗುತ್ತದೆ, ಆದರೆ ವೃತ್ತ ವೃತ್ತವಾಗಿಯೇ ಮೂಡುತ್ತದೆ. ದುಂಡನೆಯ ಕನ್ನಡ ಅಕ್ಷರ ಬರೆಯುವವರು ಇದನ್ನು ಮಾಡದೆ ಮುಂದಕ್ಕೆ ಹೋಗಲೇಬಾರದು.

ಎರಡನೆಯದು ಒತ್ತಡ. ಫೋಟೋಶಾಪ್‌ನಲ್ಲಿ ಎಷ್ಟು ಒತ್ತಿದರೂ ಗೆರೆ ಒಂದೇ ದಪ್ಪ ಬರುತ್ತಿದ್ದರೆ, ಬ್ರಷ್ ಸೆಟ್ಟಿಂಗ್ಸ್‌ನಲ್ಲಿ ‘ಪೆನ್ ಪ್ರೆಶರ್’ ಪಕ್ಕ ಸಣ್ಣ ತ್ರಿಕೋನದ ಎಚ್ಚರಿಕೆ ಇದೆಯೇ ನೋಡಿ. ಇದ್ದರೆ ಡ್ರೈವರ್‌ನಲ್ಲಿ ‘ಯೂಸ್ ವಿಂಡೋಸ್ ಇಂಕ್’ ಆಫ್ ಆಗಿರುವ ಸಾಧ್ಯತೆ ಹೆಚ್ಚು. ವೆಕ್ಟರ್ ಚಿತ್ರ ಮಾಡುವ ಉಚಿತ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಎಡಿಟ್ ಮೆನುವಿನ ಇನ್‌ಪುಟ್ ಡಿವೈಸಸ್‌ಗೆ ಹೋಗಿ ಪೆನ್ನಿನ ಮೋಡ್ ಅನ್ನು ‘ಸ್ಕ್ರೀನ್’ ಮಾಡಬೇಕು. ಪೆನ್ ಒತ್ತಿ ಹಿಡಿದಾಗ ಉಂಗುರ ಮೂಡಿ ಗೆರೆ ತಡವಾಗಿ ಶುರುವಾಗುತ್ತಿದ್ದರೆ ಅದು ವಿಂಡೋಸ್‌ನ ‘ಪ್ರೆಸ್ ಅಂಡ್ ಹೋಲ್ಡ್’, ಅದನ್ನು ಆಫ್ ಮಾಡಿ.

ಈ ಸಾಧನದ ನಿಜವಾದ ಬೆಲೆ ತಿಳಿಯುವುದು ಅಕ್ಷರ ವಿನ್ಯಾಸದಲ್ಲಿ. ‘ಠ’ ತೆಗೆದುಕೊಳ್ಳಿ: ಒಂದು ಉಂಗುರ, ಒಳಗೊಂದು ಚುಕ್ಕೆ, ಮೇಲೆ ತಲೆಕಟ್ಟು. ಮೊದಲು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬೆರಳುದ್ದದ ಗಾತ್ರಕ್ಕೆ ಬರೆಯಿರಿ. ಆ ಹಾಳೆಯನ್ನು ಟ್ಯಾಬ್ಲೆಟ್ ಮೇಲಿಟ್ಟು ಟೇಪ್ ಅಂಟಿಸಿ, ಪೆನ್ನಿನಿಂದ ಅದರ ಮೇಲೆಯೇ ತಿದ್ದಿ. ಪೆನ್ ಮೇಲ್ಮೈಯಿಂದ ಸುಮಾರು 7 ಮಿಲಿಮೀಟರ್ ಎತ್ತರದಲ್ಲಿದ್ದರೂ ಟ್ಯಾಬ್ಲೆಟ್ ಅದನ್ನು ಗುರುತಿಸುವುದರಿಂದ ಒಂದು ಹಾಳೆ ಅಡ್ಡ ಬಂದರೆ ಏನೂ ಆಗುವುದಿಲ್ಲ. ಸ್ಕ್ಯಾನರ್ ಇಲ್ಲದವರಿಗೆ ಇದು ದೊಡ್ಡ ಅನುಕೂಲ.

ಹಾಗೆ ಬಂದ ಗೆರೆಯನ್ನೇ ಅಂತಿಮ ಎಂದುಕೊಳ್ಳಬೇಡಿ. ಕೈಯಿಂದ ಎಳೆದ ಗೆರೆಗೆ ಹತ್ತಾರು ನೋಡ್‌ಗಳು (ಗೆರೆಯ ಆಕಾರ ನಿರ್ಧರಿಸುವ ಬಿಂದುಗಳು) ಬೀಳುತ್ತವೆ; ಸ್ಟಿಕರ್ ಕತ್ತರಿಸುವ ಪ್ಲಾಟರ್‌ಗೆ ಆ ಫೈಲ್ ಕೊಟ್ಟರೆ ಅಂಚು ಮುರುಕು ಮುರುಕಾಗಿ ಬರುತ್ತದೆ. ಆ ಗೆರೆಯ ಲೇಯರ್ (ಪದರ) ಅನ್ನು ಶೇ 30ರಷ್ಟು ಮಸುಕು ಮಾಡಿ, ಲಾಕ್ ಹಾಕಿ, ಮೇಲೆ ಸಾಫ್ಟ್‌ವೇರ್‌ನ ಪೆನ್ ಟೂಲ್‌ನಿಂದ ಹೊಸದಾಗಿ ಕಟ್ಟಿ. ಉಂಗುರದ ಹೊರ ಅಂಚಿಗೆ ಮೇಲೆ, ಕೆಳಗೆ, ಎಡ, ಬಲ ಹೀಗೆ ನಾಲ್ಕೇ ನೋಡ್ ಸಾಕು, ಒಳ ಅಂಚಿಗೂ ಅಷ್ಟೇ. ನೋಡ್‌ನಿಂದ ಹೊರಟು ಬಾಗು ನಿರ್ಧರಿಸುವ ಹ್ಯಾಂಡಲ್‌ಗಳು ನೇರ ಅಡ್ಡಕ್ಕೆ ಅಥವಾ ನೇರ ಲಂಬಕ್ಕೆ ಇರಲಿ. ಆದರೆ ಉಂಗುರ ಎಲ್ಲಿ ದಪ್ಪವಾಗಬೇಕು, ತಲೆಕಟ್ಟು ಎಷ್ಟು ಬಾಗಬೇಕು ಎಂಬ ತೀರ್ಮಾನ ಆ ಪೆನ್ಸಿಲ್ ಗೆರೆಯಿಂದಲೇ ಬರಬೇಕು. ಕೈಗೆ ಅಭ್ಯಾಸವಿಲ್ಲದವರು ಎಡವುವುದು ಇಲ್ಲಿಯೇ.

ನೆರಳಿನ ಕೆಲಸದಲ್ಲಿ ಮೌಸ್‌ಗೂ ಪೆನ್ನಿಗೂ ಹೋಲಿಕೆಯೇ ಇಲ್ಲ. ಮೇಜಿನ ಮೇಲಿಟ್ಟ ಉಪ್ಪಿನಕಾಯಿ ಬಾಟಲಿಯ ಚಿತ್ರಕ್ಕೆ ನೆರಳು ಕೊಡಲು ಮಲ್ಟಿಪ್ಲೈ ಮೋಡ್‌ನ (ಕೆಳಗಿನ ಬಣ್ಣವನ್ನು ಗಾಢವಾಗಿಸುವ ಬಗೆ) ಎರಡು ಲೇಯರ್ ಇಟ್ಟುಕೊಳ್ಳಿ. ಒಂದರಲ್ಲಿ ತಳಕ್ಕೆ ತಾಗಿದ ಕಿರಿದಾದ, ಕಡು ನೆರಳು. ಇನ್ನೊಂದರಲ್ಲಿ ಬೆಳಕಿನ ಎದುರು ದಿಕ್ಕಿಗೆ ಚಾಚಿ, ದೂರ ಹೋದಂತೆ ಮಸುಕಾಗುವ ಅಗಲ ನೆರಳು. ಬ್ರಷ್‌ನ ಹಾರ್ಡ್‌ನೆಸ್ 0, ಫ್ಲೋ ಶೇ 10, ‘ಟ್ರಾನ್ಸ್‌ಫರ್’ನಲ್ಲಿ ಪೆನ್ ಪ್ರೆಶರ್ ಆನ್ ಇರಲಿ. ಮೌಸ್‌ನಲ್ಲಿ ಇದನ್ನೇ ಮಾಡಿದರೆ ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ತಳದ ಕಡು ನೆರಳನ್ನು ಬಿಟ್ಟರಂತೂ ಬಾಟಲಿ ಗಾಳಿಯಲ್ಲಿ ತೇಲುತ್ತದೆ.

ಬಣ್ಣದ ಪಾಠ ಮಾತ್ರ ಈ ಟ್ಯಾಬ್ಲೆಟ್‌ನಿಂದ ಸಿಗುವುದಿಲ್ಲ. ನೀರುಬಣ್ಣದಲ್ಲಿ ಹಳದಿಗೆ ನೀಲಿ ಬೆರೆಸಿದರೆ ಹಸಿರು. ಪರದೆಯಲ್ಲಿ ಶುದ್ಧ ಹಳದಿಯ ಮೇಲೆ ಶುದ್ಧ ನೀಲಿಯನ್ನು ಶೇ 50 ಒಪ್ಯಾಸಿಟಿಯಲ್ಲಿ ಬಳಿದರೆ ಬರುವುದು ಬೂದು. ಹಳದಿಯ ಮೇಲೆ ಸಯಾನ್ (ಹಸಿರು ಮಿಶ್ರಿತ ತಿಳಿ ನೀಲಿ) ಅನ್ನು ಮಲ್ಟಿಪ್ಲೈನಲ್ಲಿ ಹಾಕಿದರೆ ಹಸಿರು ಬರುತ್ತದೆ, ಮುದ್ರಣದ ಶಾಯಿ ವರ್ತಿಸುವುದೂ ಹೆಚ್ಚುಕಡಿಮೆ ಹಾಗೆಯೇ. ಕುಂಚ ಹಿಡಿದು ಬಣ್ಣ ಬೆರೆಸಿದವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಬಿ.ಡಿಸೈನ್‌ಗಾಗಿ ಯೂಸೀಡ್ ಅಥವಾ ಎನ್‌ಐಡಿ ಪ್ರವೇಶ ಪರೀಕ್ಷೆ ಬರೆಯುವವರಿಗೂ ಕಾಗದದ ಅಭ್ಯಾಸ ಬೇಕೇ ಬೇಕು.

ಕೊಳ್ಳುವ ಮೊದಲು ಪರದೆಯ ಅಗಲ ಅಳೆಯಿರಿ. 14 ಇಂಚಿನ ಲ್ಯಾಪ್‌ಟಾಪ್ ಸುಮಾರು 310 ಮಿಲಿಮೀಟರ್ ಅಗಲ, ಅಂದರೆ ಕೈ 1 ಸೆಂಟಿಮೀಟರ್ ಸರಿದರೆ ಗೆರೆ 2 ಸೆಂಟಿಮೀಟರ್. ಇದು ಹಿತವಾಗಿದೆ. 24 ಇಂಚಿನ ಮಾನಿಟರ್‌ನಲ್ಲಿ ಅದೇ ಮೂರೂವರೆ ಸೆಂಟಿಮೀಟರ್ ಆಗಿ, ಕೈಯ ಸಣ್ಣ ನಡುಕವೂ ಎದ್ದು ಕಾಣುತ್ತದೆ. ಅಂಥವರು 216 × 135 ಮಿಲಿಮೀಟರ್‌ನ ಸಿಟಿಎಲ್-672 ಕೊಳ್ಳುವುದು ಒಳ್ಳೆಯದು. ವಾಕಾಮ್‌ನದೇ ಆದ, ಗುಂಡಿಗಳಿರುವ ಇಂಟುವೋಸ್ ಸಣ್ಣ ಮಾದರಿಯಲ್ಲಿ ಒತ್ತಡದ ಹಂತ 4096 ಇದ್ದರೂ ಗೆರೆ ಎಳೆಯುವ ಜಾಗ ಇಷ್ಟೇ. ಕೇವಲ ಆ ಸಂಖ್ಯೆಗಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಪೆಟ್ಟಿಗೆಯಲ್ಲಿ ಮೂರು ಹೆಚ್ಚುವರಿ ನಿಬ್‌ಗಳಿವೆ (ಪೆನ್ನಿನ ತುದಿಗಳು). ಮೇಲ್ಮೈ ಸ್ವಲ್ಪ ಒರಟಾಗಿರುವುದರಿಂದ ನಿಬ್ ಸವೆಯುತ್ತದೆ. ತುದಿ ಓರೆಯಾಗಿ ಚೂಪಾದರೆ ಅಥವಾ 1 ಮಿಲಿಮೀಟರ್‌ನಷ್ಟೇ ಉಳಿದರೆ ಬದಲಿಸಿ, ಇಲ್ಲವಾದರೆ ಟ್ಯಾಬ್ಲೆಟ್ ಮೇಲೆ ಗೀರು ಬೀಳುತ್ತದೆ. ತೆಳುವಾದ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಅಂಟಿಸಿಕೊಂಡರೆ ನಿಬ್ ಹೆಚ್ಚು ದಿನ ಬರುತ್ತದೆ, ಆದರೆ ಪೆನ್ ತುಸು ಜಾರುತ್ತದೆ.