ಯೂವರ್ಷನ್ ಬೈಬಲ್ ಆ್ಯಪ್: ಕನ್ನಡದಲ್ಲಿ ಓದಿ ಅದರಂತೆ ನಡೆಯಬೇಕೆನ್ನುವವರಿಗೆ

ಅಮೆರಿಕದ ಒಕ್ಲಹೋಮದ ಲೈಫ್.ಚರ್ಚ್ ಎಂಬ ಕ್ರೈಸ್ತ ಸಭೆ 2008ರಲ್ಲಿ ಹೊರತಂದ ಈ ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ, ಜಾಹೀರಾತುಗಳ ಕಾಟವೂ ಇಲ್ಲ. ಕನ್ನಡದಲ್ಲಿ ಓದಲು ಸಿಗುತ್ತದೆಯೇ ಎಂಬ ಅನುಮಾನ ಬೇಡ, ಧಾರಾಳವಾಗಿ ಸಿಗುತ್ತದೆ. ಆದರೆ ಬೆಳಿಗ್ಗೆ ಓದಿದ ದೇವರ ವಾಕ್ಯ ಅದೇ ದಿನ ಅಂಗಡಿಯ ತಕ್ಕಡಿಯನ್ನೂ ಕೂಲಿಯವರ ಲೆಕ್ಕವನ್ನೂ ಮನೆಯ ಮಾತನ್ನೂ ಮುಟ್ಟಬೇಕಲ್ಲ, ಅದಕ್ಕೆ ಇದು ಒದಗುತ್ತದೆಯೇ? ಒದಗುತ್ತದೆ. ಅದಕ್ಕೆ ಕೆಲವನ್ನು ಸರಿಯಾಗಿ ಹೊಂದಿಸಿಕೊಳ್ಳಬೇಕು, ಒಂದು ಅಭ್ಯಾಸವನ್ನು ಬಿಡಬೇಕು.

ಮೊದಲು ಭಾಷಾಂತರ. ಕನ್ನಡದ ಪಟ್ಟಿಯಲ್ಲಿ ಬೈಬಲ್ ಸೊಸೈಟಿಯ ಹಳೆಯ ಅನುವಾದ ಜೆ.ವಿ., ಸರಳ ಭಾಷೆಯ ಸಿ.ಎಲ್. ಎರಡೂ ಇವೆ, ಸುಲಭ ಓದಿನ ಆವೃತ್ತಿ, ಐ.ಆರ್.ವಿ., ಸಮಕಾಲಿಕ ಅನುವಾದಗಳೂ ಇವೆ. ಆರಾಧನೆಯಲ್ಲಿ ಜೆ.ವಿ. ಕೇಳಿ ಬೆಳೆದವರು ಬಾಯಿಪಾಠಕ್ಕೆ ಅದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು. ಮಕ್ಕಳ ಜೊತೆ ಓದುವಾಗ, ಬೈಬಲ್‌ನಲ್ಲಿರುವ ಅಪೊಸ್ತಲರ ಪತ್ರಗಳ ಉದ್ದುದ್ದ ವಾಕ್ಯಗಳಲ್ಲಿ ಸಿಕ್ಕಿಕೊಂಡಾಗ ಸಿ.ಎಲ್. ಕೈ ಹಿಡಿಯುತ್ತದೆ. ವಚನದ ಮೇಲೆ ಬೆರಳಿಟ್ಟು ಹೋಲಿಸುವ ಆಯ್ಕೆ ಒತ್ತಿದರೆ ಬೇರೆ ಬೇರೆ ಭಾಷಾಂತರಗಳು ಒಂದರ ಕೆಳಗೊಂದು ಬರುತ್ತವೆ. ಈ ಸೌಲಭ್ಯವೊಂದಕ್ಕಾಗಿಯೇ ಆ್ಯಪ್ ಇಟ್ಟುಕೊಳ್ಳಬಹುದು. ಹುಡುಕುವಾಗ ಮಾತ್ರ ಒಂದು ತೊಡಕಿದೆ: ಜೆ.ವಿ.ಯಲ್ಲಿ ‘ಯೆಹೋವ’ ಇರುವ ಕಡೆ ಸಿ.ಎಲ್. ‘ಸರ್ವೇಶ್ವರ’ ಎನ್ನುತ್ತದೆ. ನೆನಪಿರುವ ಮಾತು ಯಾವ ಆವೃತ್ತಿಯದೋ ಅದನ್ನು ತೆರೆದುಕೊಂಡೇ ಹುಡುಕಬೇಕು, ಇಲ್ಲದಿದ್ದರೆ ವಚನ ಸಿಗದೆ ಒದ್ದಾಡಬೇಕಾಗುತ್ತದೆ.

ನೆಟ್‌ವರ್ಕ್ ಇಲ್ಲದ ಊರಿಗೆ ಹೊರಡುವ ಮೊದಲು ಆವೃತ್ತಿಯ ಹೆಸರಿನ ಪಕ್ಕದಲ್ಲಿ ಡೌನ್‌ಲೋಡ್ ಗುರುತು ಇದೆಯೇ ನೋಡಿ ಇಳಿಸಿಕೊಳ್ಳಿ. ಪ್ರಕಾಶಕರ ಅನುಮತಿ ಇರುವ ಆವೃತ್ತಿಗಳಿಗಷ್ಟೇ ಆ ಗುರುತು ಇರುತ್ತದೆ.

ಬಿಡಬೇಕಾದ ಅಭ್ಯಾಸ ಯಾವುದೆಂದರೆ, ಆ್ಯಪ್ ದಿನಕ್ಕೊಂದರಂತೆ ತೋರಿಸುವ ‘ದಿನದ ವಚನ’ವನ್ನು ಓದಿ, ಚಿತ್ರ ಮಾಡಿ ಸ್ಟೇಟಸ್‌ಗೆ ಹಾಕಿ, ಅಲ್ಲಿಗೇ ಮುಗಿಸುವುದು. ನಿಮಗೆ ಒಳ್ಳೆಯ ಗತಿ, ನಿರೀಕ್ಷೆ ಕೊಡುವೆನೆಂದು ದೇವರು ಹೇಳುವ ಯೆರೆಮೀಯ 29:11 ಎಷ್ಟೋ ಮನೆಗಳ ಗೋಡೆಯ ಮೇಲಿದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಮಾತು. ಅದರ ಹಿಂದಿನ ವಚನ 70 ವರ್ಷ ಕಾಯಬೇಕೆನ್ನುತ್ತದೆ. 7ನೆಯ ವಚನ ತಮ್ಮನ್ನು ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಲು ಹೇಳುತ್ತದೆ. ಅಷ್ಟನ್ನೂ ಓದಿದವರು ವರ್ಗವಾಗಿ ಹೋದ ಊರನ್ನು, ಒಲ್ಲದ ಕಚೇರಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಬಲಪಡಿಸುವವನ ಮೂಲಕ ಎಲ್ಲವನ್ನೂ ಮಾಡಬಲ್ಲೆ ಎನ್ನುವ ಫಿಲಿಪ್ಪಿಯವರಿಗೆ 4:13ನ್ನು ಪರೀಕ್ಷೆಯ ದಿನ ಹೇಳಿಕೊಳ್ಳುವವರು 11, 12ನ್ನೂ ಓದಲಿ. ಅಲ್ಲಿರುವುದು ಹಸಿದಿದ್ದರೂ ಹೊಟ್ಟೆ ತುಂಬಿದ್ದರೂ ತೃಪ್ತನಾಗಿರಲು ಕಲಿತವನ ಮಾತು. ದಿನದ ವಚನ ಬಂದ ಕೂಡಲೇ ಅದರ ಅಧ್ಯಾಯವನ್ನು ತೆರೆಯಿರಿ, ಕಡಿಮೆಯೆಂದರೆ ಹಿಂದಿನ 10, ಮುಂದಿನ 10 ವಚನ ಓದಿ. ಐದು ನಿಮಿಷ ಸಾಕು.

ಓದುವ ಯೋಜನೆಗಳು ಬೇಕಾದಷ್ಟಿವೆ. ಎಷ್ಟೋ ಮಂದಿ ಜನವರಿ 1ರಂದು ಇಡೀ ಸತ್ಯವೇದವನ್ನು, ಅಂದರೆ ಬೈಬಲನ್ನು, ಒಂದೇ ವರ್ಷದಲ್ಲಿ ಮುಗಿಸುವ ಯೋಜನೆ ಹಿಡಿಯುತ್ತಾರೆ. ಇರುವುದು 66 ಪುಸ್ತಕ, 1,189 ಅಧ್ಯಾಯ. ದಿನಕ್ಕೆ ಮೂರು ನಾಲ್ಕು ಅಧ್ಯಾಯ ಬೀಳುತ್ತದೆ. ಯಾಜಕಕಾಂಡದ ಯಜ್ಞವಿಧಿಗಳಿಗೆ ಬರುವಷ್ಟರಲ್ಲಿ ಓದು ಹಿಂದೆ ಬೀಳುತ್ತದೆ, ಬಾಕಿ ಬೆಳೆಯುತ್ತದೆ, ಕೊನೆಗೆ ಕೈಬಿಟ್ಟು ಹೋಗುತ್ತದೆ. ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ ಓದಿದರೆ 52 ವಾರಕ್ಕೆ ಸರಿಹೋಗುತ್ತದೆ, ಶನಿವಾರ ಭಾನುವಾರ ತಪ್ಪಿದ್ದನ್ನು ಓದಲು ಉಳಿಯುತ್ತದೆ. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ. ತಾರೀಖು ನೋಡಿ ಓದಿದರೆ ಯೋಜನೆಯೇ ಬೇಡ. ಯೋಜನೆ ಹಿಡಿದು ದಿನ ತಪ್ಪಿದರೆ, ಅದರ ಸೆಟ್ಟಿಂಗ್‌ನಲ್ಲಿ ಬಾಕಿ ದಿನಗಳನ್ನು ಇಂದಿನಿಂದ ಮುಂದಕ್ಕೆ ಸರಿಸುವ ಆಯ್ಕೆ ಇದೆ. ಗುರುತು ಹಾಕಲೆಂದೇ ಒಂದೇ ರಾತ್ರಿ ಹನ್ನೆರಡು ಅಧ್ಯಾಯ ಓಡಿಸುವುದಕ್ಕಿಂತ ಅದು ಎಷ್ಟೋ ಮೇಲು. ಸತತ ಎಷ್ಟು ದಿನ ತೆರೆದಿರೆಂದು ಆ್ಯಪ್ ಎಣಿಸುತ್ತದೆ. ಆ ಎಣಿಕೆ ತಪ್ಪಿತೆಂದು ಕೊರಗಬೇಡಿ, ದೇವರ ಮುಂದೆ ಅದು ಲೆಕ್ಕಕ್ಕಿಲ್ಲ.

ಸರಿಯಾಗಿ ಬಳಸಬೇಕಾದ ಇನ್ನೊಂದು, ವಚನಕ್ಕೆ ಬಣ್ಣ ಹಚ್ಚುವ ಸೌಲಭ್ಯ. ಚಂದ ಕಂಡ ವಚನಕ್ಕೆಲ್ಲ ಹಳದಿ ಬಳಿಯುವ ಬದಲು ಒಂದು ಬಣ್ಣವನ್ನು ಮಾಡಬೇಕಾದ ಕೆಲಸಗಳಿಗೆಂದೇ ಮೀಸಲಿಡಿ. ದಿನಗೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡಲು ಹೇಳುವ ಧರ್ಮೋಪದೇಶಕಾಂಡ 24:15, ತೂಕ ಅಳತೆಯಲ್ಲಿ ಮೋಸ ಬೇಡವೆನ್ನುವ ಯಾಜಕಕಾಂಡ 19:35-36, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನೊಂದಿಗೆ ಸಮಾಧಾನವಾಗು ಎನ್ನುವ ಮತ್ತಾಯ 5:23-24. ಪ್ರತಿಯೊಂದಕ್ಕೂ ಟಿಪ್ಪಣಿ ಸೇರಿಸಿ: ಯಾರಿಗೆ, ಏನು, ಯಾವಾಗ. ‘ಎಲ್ಲರನ್ನೂ ಪ್ರೀತಿಸಬೇಕು’ ಎಂದು ಬರೆದರೆ ನಾಳೆ ಮಾಡಲು ಏನೂ ಸಿಗುವುದಿಲ್ಲ. ‘ಗಾರೆ ಕೆಲಸದವರ ಬಾಕಿ ಶನಿವಾರ ಸಂಜೆಯೊಳಗೆ’ ಎಂದು ಬರೆದರೆ ಮಾಡಿದಿರೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ. ಟಿಪ್ಪಣಿ ಉಳಿಸುವ ಮೊದಲು ಅದು ಖಾಸಗಿ ಎಂದಿದೆಯೇ ನೋಡಿ. ಸ್ನೇಹಿತರಿಗೆ, ಎಲ್ಲರಿಗೆ ಎಂಬ ಆಯ್ಕೆಗಳೂ ಅಲ್ಲೇ ಇವೆ, ಮತ್ತೊಬ್ಬರ ಹೆಸರು ಊರಿಗೆಲ್ಲ ತಿಳಿಯಬಾರದು.

ಕುಟುಂಬ ಪ್ರಾರ್ಥನೆಗೆ ಮಾತ್ರ ಮುದ್ರಿತ ಸತ್ಯವೇದವೇ ವಾಸಿ. ಓದುತ್ತಿರುವಾಗಲೇ ವಾಟ್ಸಾಪ್ ಸಂದೇಶ ಬಂದರೆ ಎಲ್ಲರ ಗಮನವೂ ಅತ್ತ ಹೋಗುತ್ತದೆ. ಫೋನನ್ನೇ ಹಿಡಿಯಬೇಕಾದರೆ ಡೌನ್‌ಲೋಡ್ ಮಾಡಿದ ಆವೃತ್ತಿ ತೆರೆದು ಏರೋಪ್ಲೇನ್ ಮೋಡ್ ಹಾಕಿ, ಅಕ್ಷರ ದೊಡ್ಡದು ಮಾಡಿ ಅಜ್ಜಿಯ ಕೈಗೆ ಕೊಡಿ.